ದೋಣಿಗೆಂದು ಆರಿಸಿದ ಹಾಡುಗಳು

ಅಪ್ಪನ ಎಡಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಮನೆಗೆ ಮರಳುವ ಆಟೋ ಆನೆಕೊಂಡದ ಹತ್ತಿರ ಬಂದ ಮೇಲೆ ಅವ್ವ ಹೇಳಿದಳು: "ಒಂದು ದಿನ ಪೂರಾ ನಿಮ್ಮಪ್ಪಗೆ ಹಾಡು ಕೇಳಿಸ್ಬೇಕು. ಕಿವಿ ಇರೋವಾಗ್ಲೇ."

ಮನೆಯಲ್ಲಿ ಅದು ಆಗುವ ಮಾತಲ್ಲ. ನಮ್ಮದು ಹಿಟ್ಟಿನ ಗಿರಣಿ. ಗೋಡೆಯ ಆಚೆ ಗಿರಣಿ, ಈಚೆ ಮನೆ. ಬಾಗಿಲು ಹಾಕಿದ ಭಾನುವಾರವೂ ಯಾರಾದರೂ ಡಬ್ಬಿ ಹಿಡಿದು "ಅಣ್ಣಾ, ಎರಡೇ ಸೇರು ಜೋಳ" ಎಂದು ನಿಲ್ಲುತ್ತಾರೆ, ಅಪ್ಪ ಎದ್ದು ಹೋಗುತ್ತಾನೆ. ಮೂವತ್ತು ವರ್ಷ ಆ ಸದ್ದಿನಲ್ಲಿ ನಿಂತೇ ಅವನ ಬಲಗಿವಿ ಹೋದದ್ದು. ಹೊಳೆ ತುಂಬಿದಾಗ ಹರಿಹರದಲ್ಲಿ ಒಬ್ಬರು ಇಂಜಿನ್ ದೋಣಿಯನ್ನು ದಿನದ ಬಾಡಿಗೆಗೆ ಕೊಡುತ್ತಾರೆಂದು ಚಿಕ್ಕಪ್ಪ ಪತ್ತೆ ಹಚ್ಚಿದ. "ನೀರಿನ ಮ್ಯಾಲೆ ಯಾರೂ ಡಬ್ಬಿ ತಗಂಡು ಬರಲ್ಲ ಬಿಡು" ಎಂದ.

ಹಾಡು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ದಿನಚರಿ ಬರೆಯುವವಳು, ಎಲ್ಲದಕ್ಕೂ ಲೆಕ್ಕ ಇಡುವವಳು ಎಂದು. ಚಿಕ್ಕಪ್ಪನದು ಒಂದೇ ಷರತ್ತು: "ಬರೀ ಮದುವಿ ಹಾಡು ಹಾಕ್ಬ್ಯಾಡ. ನಿಮ್ಮಪ್ಪ ಎಲೆ ಯಾವಾಗ ಹಾಕ್ತೀರಿ ಅಂತ ಕೇಳ್ತಾನೆ."

ಅಪ್ಪನಿಗೆ ಯಾವುದು ಇಷ್ಟ ಎನ್ನುವುದಕ್ಕಿಂತ ಯಾವುದು ಇನ್ನೂ ಕೇಳಿಸುತ್ತದೆ ಎನ್ನುವುದು ಮುಖ್ಯವಾಗಿತ್ತು. ಮಧ್ಯಾಹ್ನ ಗಿರಣಿ ನಿಂತ ಮೇಲೆ ಅವನ ಎಡಗಡೆ ಕೂತು ಸಣ್ಣ ಸ್ಪೀಕರಿನಲ್ಲಿ ಒಂದೊಂದೇ ಹಾಡು ಹಾಕಿದೆ. ಹಳೆಯ ಸಿನಿಮಾದ್ದು, ನಾಟಕದ್ದು, ವಚನ, ಎರಡು ಕವ್ವಾಲಿ. ಕೇಳಿಸಿದರೆ ತಲೆ ಆಡಿಸು ಎಂದಿದ್ದೆ. ಪ್ರತಿ ಹಾಡಿಗೂ ತಲೆ ಆಡಿಸಿದ, ನಾನು ಗುರುತು ಹಾಕಿಕೊಂಡೆ. ಮೂರನೆಯ ಮಧ್ಯಾಹ್ನ ಸ್ಪೀಕರಿನ ಚಾರ್ಜು ಮುಗಿದಿತ್ತು. ಏನಾಯಿತೆಂದು ನಾನು ಅದನ್ನು ತಿರುಗಿಸಿ ನೋಡುತ್ತಿದ್ದಾಗ ಅಪ್ಪ ತಲೆದೂಗಿ, "ಚೆನ್ನಾಗೈತೆ, ಇದ್ನ ಹಾಕು" ಎಂದ.

ಆಮೇಲೆ ನನ್ನ ಗುರುತುಗಳಲ್ಲಿ ಯಾವುದು ನಿಜ, ಯಾವುದು ನನ್ನ ಸಮಾಧಾನಕ್ಕೆ ಆಡಿಸಿದ ತಲೆ ಎಂದು ತಿಳಿಯುವ ದಾರಿಯೇ ಇರಲಿಲ್ಲ.

"ಎಷ್ಟಾದ್ವು?" ಎಂದು ಅವ್ವ ಅಡುಗೆಮನೆಯಿಂದ ಕೇಳಿದಳು.

"ನಲವತ್ತು."

"ಎಲ್ಲಾ ಕೇಳಿಸ್ತಾವಂತಾ?"

"ತಲೆ ಆಡಿಸ್ತಾನೆ" ಎಂದೆ.

ಮುಂದಿನ ಭಾನುವಾರ ಬೆಳಿಗ್ಗೆ ಹರಿಹರದಲ್ಲಿ ದೋಣಿ ಹತ್ತಿದೆವು. ರೊಟ್ಟಿ ಬುತ್ತಿ, ಮಂಡಕ್ಕಿ, ಮಿರ್ಚಿ. ಸ್ಪೀಕರನ್ನು ಅಪ್ಪನ ಎಡಕ್ಕೆ ಇಟ್ಟೆ. ಇಂಜಿನ್ ಶುರುವಾದದ್ದೇ ಹಾಡಿನ ಪದ ನಮಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಅಪ್ಪ ಕಣ್ಣು ಅರೆಮುಚ್ಚಿ, ಅಂಗೈಯನ್ನು ದೋಣಿಯ ಹಲಗೆಗೆ ಒತ್ತಿ ಕೂತು ತಲೆದೂಗುತ್ತಿದ್ದ. ಗಿರಣಿಯಲ್ಲೂ ಹಾಗೆಯೇ ಯಂತ್ರದ ಮೇಲೆ ಕೈ ಇಟ್ಟು ನಿಲ್ಲುತ್ತಾನೆ. ಅಲ್ಲಿ ಮಾತು ನಡೆಯುವುದಿಲ್ಲ, ಎಲ್ಲ ಕೈಸನ್ನೆ. ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದರೆ ಹಿಟ್ಟು ನುಣ್ಣಗೆ ಬರುತ್ತಿದೆ ಎಂದು.

"ನೋಡು, ಹೆಂಗೆ ಕೇಳ್ತಾ ಕುಂತಾರೆ" ಎಂದಳು ಅವ್ವ, ನನ್ನ ಕಿವಿಯ ಹತ್ತಿರ ಬಂದು. ಅಷ್ಟು ಹಗುರಾದ ಅವಳ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಊಟದ ಹೊತ್ತಿಗೆ ಅವಳು ಕಾಯುತ್ತಿದ್ದ ಹಾಡು ಬಂತು. ಅವರ ಮದುವೆಯಲ್ಲಿ ಮೈಕಿನವನು ಮೂರು ಸಲ ಹಾಕಿದ್ದನಂತೆ. ಅವ್ವ ದೋಣಿಯವರ ಕಡೆ ತಿರುಗಿದಳು. "ಅಣ್ಣಾ, ಒಂಚೂರು ಇಂಜಿನ್ ಬಂದ್ ಮಾಡ್ರಿ. ಇದೊಂದು ಅವರು ಪೂರ್ತಿ ಕೇಳ್ಬೇಕು."

ಇಂಜಿನ್ ನಿಂತಿತು. ದೋಣಿ ಸುಮ್ಮನೆ ತೇಲಿತು. ನೀರಿನ ಮೇಲೆ ಹಾಡು ಎಷ್ಟು ಸ್ಪಷ್ಟವಾಗಿತ್ತೆಂದರೆ ಹಾಡುವವರು ಉಸಿರು ತೆಗೆದುಕೊಳ್ಳುವುದೂ ಕೇಳುತ್ತಿತ್ತು.

ಅಪ್ಪ ಕಣ್ಣು ಬಿಟ್ಟ. ನಮ್ಮೆಲ್ಲರನ್ನೂ ನೋಡಿ, "ಯಾಕ ನಿಲ್ಸಿದ್ರಿ? ಹಾಡು ಚೆನ್ನಾಗಿ ಬರ್ತಿತ್ತು" ಎಂದ.

ಚಿಕ್ಕಪ್ಪ ಮಿರ್ಚಿಯ ಪೊಟ್ಟಣವನ್ನು ಬಿಚ್ಚಿ ಮತ್ತೆ ಕಟ್ಟಿದ. ಅವ್ವ ಸ್ಪೀಕರ್ ನೋಡಿದಳು, ನನ್ನನ್ನು ನೋಡಿದಳು. ನನಗೆ ಮೊದಲೇ ಗೊತ್ತಿತ್ತೇ ಎಂದು ಕೇಳಲಿಲ್ಲ. ಹಾಡು ಎರಡನೆಯ ಚರಣಕ್ಕೆ ಬಂದಿತ್ತು.

"ಚಾಲೂ ಮಾಡ್ರಿ ಅಣ್ಣಾ" ಎಂದಳು.

"ಹಾಡು ಮುಗೀಲಿ ತಾಯಿ, ಅವಸರ ಏನೈತೆ?"

"ಮಾಡ್ರಿ."

ಇಂಜಿನ್ ಸದ್ದಿಗೆ ಹಾಡು ಮುಳುಗಿತು. ಅಪ್ಪ ಮತ್ತೆ ಹಲಗೆಗೆ ಅಂಗೈ ಒತ್ತಿದ. ಸ್ವಲ್ಪ ಹೊತ್ತಿನ ಮೇಲೆ ಅವ್ವನ ಕಡೆ ನೋಡಿ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ತೋರಿಸಿದ. ಗಿರಣಿಯ ಬಾಗಿಲಲ್ಲಿ ನಿಂತು ಅಷ್ಟು ವರ್ಷ ಮಾಡಿದಂತೆಯೇ ಅವ್ವನೂ ಹೆಬ್ಬೆರಳು ಉಜ್ಜಿ ತೋರಿಸಿದಳು.

ನನಗೆ ಮಾಡುವುದೇನೂ ಉಳಿದಿರಲಿಲ್ಲ. ಆ ಹಾಡು ಮುಗಿಯುವವರೆಗೆ ಮೊಬೈಲಿನ ಪರದೆಯನ್ನು ನೋಡುತ್ತಾ ಕೂತೆ. ಮುಗಿದ ಮೇಲೆ ಮುಂದಿನದನ್ನು ಹಾಕಿದೆ.