ನಾನು ಪಾಸು ಮಾಡಿದ ಸೈಕಲ್ಲು

ನನ್ನ ಜೊತೆ ತರಕಾರಿ ಕೊಳ್ಳಲು ಬರುವುದಕ್ಕೆ ನನ್ನ ಹೆಂಡತಿ ಮಹಾನಂದಾ ಒಪ್ಪುವುದಿಲ್ಲ. ತಪ್ಪು ಅವಳದಲ್ಲ. ನಾನು ಬೆಂಡೆಕಾಯಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಂದು ನಿಮಿಷ ಯೋಚಿಸುತ್ತೇನೆ. ಬೇಡವೆನಿಸಿದ್ದನ್ನು ರಾಶಿಗೆ ಮರಳಿ ಹಾಕದೆ, ಬೇರೆಯಾಗಿ ಒಂದು ಕಡೆ ಸಾಲಾಗಿ ಜೋಡಿಸಿ ಇಡುತ್ತೇನೆ. ಮಾರುವವಳಿಗೆ ಹೆಚ್ಚು ಸಿಟ್ಟು ಬರುವುದು ಈ ಜೋಡಿಸಿಡುವುದಕ್ಕೆ. ಏನು ಮಾಡಲಿ, ಮೂವತ್ತು ವರ್ಷದಿಂದ ನಾಚಾರಂ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸಿನವನಲ್ಲ. ಲೋಹದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ತಪ್ಪಿದ್ದರೆ ಕೆಂಪು ಬಣ್ಣದ ಚುಕ್ಕೆ ಇಡುವವನು.

ಈ ಕೆಲಸದಲ್ಲಿ ಸಂಬಳಕ್ಕೆ ಕೊರತೆಯಿಲ್ಲ, ಮರ್ಯಾದೆಗೂ ಕೊರತೆಯಿಲ್ಲ, ಆದರೆ ಬೇರೆಯೇ ಒಂದು ಕೊರತೆ ಇದೆ. ನಾನು ಪಾಸು ಮಾಡಿದ ಸಾಮಾನು ಮರದ ಪೆಟ್ಟಿಗೆ ಸೇರಿ ಲಾರಿ ಹತ್ತಿ ಹೋಗುತ್ತದೆ. ಎಲ್ಲಿಗೆ, ಯಾವ ಯಂತ್ರಕ್ಕೆ ಎಂದು ಯಾರೂ ಹೇಳುವುದಿಲ್ಲ, ಕೇಳಲೂ ಬಾರದು. ನಾನು ಕೂದಲೆಳೆಯಷ್ಟೂ ಬಿಡದೆ ಅಳೆದ ಒಂದು ಬುಶ್ಶು, ಅಂದರೆ ಬೆರಳುಂಗುರದಂಥ ಲೋಹದ ಬಳೆ, ಈಗ ಆಕಾಶದಲ್ಲಿ ಹಾರುತ್ತಿದೆಯೋ, ಯಾರದೋ ಬಾವಿಯ ಪಂಪಿನಲ್ಲಿ ನೀರೆತ್ತುತ್ತಿದೆಯೋ ನನಗೆ ತಿಳಿಯದು. ಅದನ್ನು ಯಂತ್ರಕ್ಕೆ ಕೂರಿಸುವುದು ಫಿಟ್ಟರನ ಕೆಲಸ, ಬಳಸುವುದು ಇನ್ನೊಬ್ಬರ ಕೆಲಸ. ಇನ್‌ಸ್ಪೆಕ್ಟರ್ ಆದವನು ಮಾಲನ್ನು ಬಳಸಬಾರದು ಎನ್ನುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ಪದ್ಧತಿ. ಹಾಗಾಗಿ ನನಗೊಂದು ಆಸೆ ಉಳಿದುಹೋಗಿತ್ತು. ನಿವೃತ್ತಿಗೆ ಮುಂಚೆ, ನಾನು ಸರಿ ಎಂದದ್ದು ಒಂದಾದರೂ ತನ್ನ ಕೆಲಸ ಮಾಡುವುದನ್ನು ಈ ಕಣ್ಣಿಂದ ನೋಡಬೇಕು. ಇಷ್ಟೇ. ನಿಮಗೆ ನಗು ಬರಬಹುದು, ಆದರೆ ಮೂವತ್ತು ವರ್ಷ ಅಡುಗೆ ಮಾಡಿ ಒಬ್ಬರೂ ಉಣ್ಣುವುದನ್ನು ನೋಡದಿದ್ದರೆ ನಿಮಗೂ ಹೀಗೇ ಆಗುತ್ತಿತ್ತು.

ಆ ಆಸೆಗೆ ಒಂದು ದಾರಿ ತೋರಿಸಿದವನು ನಮ್ಮ ಮಹಡಿಯ ಬಾಡಿಗೆದಾರ ಸುಹಾಸ. ಉಡುಪಿ ಕಡೆಯ ಹುಡುಗ, ಹೈಟೆಕ್ ಸಿಟಿಯ ಗಾಜಿನ ಕಟ್ಟಡವೊಂದರಲ್ಲಿ ಎಂಜಿನಿಯರು. ಆ ದಿನಗಳಲ್ಲಿ ಊರಿನ ಆ ಕಡೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಂದು ಕಟ್ಟಡ ಏಳುತ್ತಿತ್ತು, ಕಟ್ಟಡ ಏಳುವ ಜಾಗದಲ್ಲೆಲ್ಲ ಒಂದೊಂದು ಬಂಡೆ ಒಡೆಯುತ್ತಿತ್ತು. ಉಳಿದ ಬಂಡೆಗಳನ್ನು ಹುಡುಕಿಕೊಂಡು ಅದೇ ಕಟ್ಟಡದ ಹುಡುಗರು ಭಾನುವಾರ ಸೈಕಲ್ಲು ಹತ್ತಿ ಹೋಗುತ್ತಿದ್ದರು. ಶಾಮೀರ್‌ಪೇಟೆ ಕೆರೆಯ ಆಚೆ, ಕುರುಚಲು ಕಾಡಿನ ಕಾಲುದಾರಿಯಲ್ಲಿ ಓಡಾಡಿ, ಮೈತುಂಬ ಕೆಂಪು ಧೂಳು ಮಾಡಿಕೊಂಡು, ಪದಕ ಗೆದ್ದವರ ಮುಖದಲ್ಲಿ ಸುಹಾಸ ಮನೆಗೆ ಬರುತ್ತಿದ್ದ.

“ನೀವೂ ಬನ್ನಿ ಅಂಕಲ್. ಒಂದು ಸಾದಾ ಎಂಟಿಬಿ ತಗೊಳ್ಳಿ ಮಾರಾಯ್ರೆ, ನಿಮ್ಮ ಬಿಪಿ ಎಲ್ಲ ಇಳಿದು ಹೋಗ್ತದೆ,” ಎಂದ ಒಂದು ದಿನ.

ಬಿಪಿಯ ಮಾತು ನನ್ನ ಕಿವಿಗೆ ಬೀಳಲಿಲ್ಲ. ನನಗೆ ಹೊಳೆದದ್ದೇ ಬೇರೆ. ಒಂದು ಬೆಟ್ಟದ ಸೈಕಲ್ಲನ್ನು ನಾನೇ ಪರೀಕ್ಷಿಸಿ, ನಾನೇ ಪಾಸು ಮಾಡಿ, ನಾನೇ ಓಡಿಸಿ ನೋಡಬಹುದು. ಪೆಟ್ಟಿಗೆಯಿಲ್ಲ, ಲಾರಿಯಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ಸುಹಾಸ ತನ್ನದನ್ನು ಕಂಪ್ಯೂಟರಿನಲ್ಲಿ ನೋಡಿ ಒಂದೇ ಸಂಜೆಯಲ್ಲಿ ಕೊಂಡಿದ್ದ. ನಾನು ಎರಡು ತಿಂಗಳು ತೆಗೆದುಕೊಂಡೆ. ಅಂಗಡಿಗೆ ಹೋಗುವಾಗ ಕೈಚೀಲದಲ್ಲಿ ನನ್ನ ವರ್ನಿಯರ್ ಅಳತೆಗೋಲು ಇರುತ್ತಿತ್ತು, ಒಂದು ಸೀಮೆಸುಣ್ಣ ಇರುತ್ತಿತ್ತು, ರದ್ದಿ ಪೇಪರಿನವರು ತೂಗುವಂಥ ಕೊಕ್ಕೆ ತಕ್ಕಡಿ ಇರುತ್ತಿತ್ತು, ಒಂದು ಅಯಸ್ಕಾಂತವೂ ಇರುತ್ತಿತ್ತು. ಜೊತೆಗೆ ಮಹಾನಂದಾ. ತರಕಾರಿಗೆ ಬಾರದವಳು ಸೈಕಲ್ಲಿಗೆ ಏಕೆ ಬಂದಳು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ.

ಸಿಕಂದರಾಬಾದಿನ ಮೊದಲ ಅಂಗಡಿಯಲ್ಲಿ ಥಳಥಳಿಸುವ ಒಂದನ್ನು ತೋರಿಸಿ, ಇದರ ಮೈಯೆಲ್ಲ ಅಲ್ಯೂಮಿನಿಯಮ್ಮು, ಹಗುರ ಎಂದರು. ನಾನು ಅಯಸ್ಕಾಂತ ಹಿಡಿದೆ. ಅದು ನನ್ನ ಕೈಬಿಟ್ಟು ಹಾರಿ ಟಕ್ಕನೆ ಸೈಕಲ್ಲಿಗೆ ಅಂಟಿಕೊಂಡಿತು. ಅಪ್ಪಟ ಉಕ್ಕು. ಕೊಕ್ಕೆಗೆ ತೂಗುಹಾಕಿ ಅದರ ಭಾರವನ್ನೂ ಗಟ್ಟಿಯಾಗಿ ಓದಿದೆ. ಅಂಗಡಿಯಾತ ಅಯಸ್ಕಾಂತವನ್ನು ನೋಡಿ, ನನ್ನನ್ನು ನೋಡಿ, “ಸಾಬ್, ಸೈಕಲ್ ಲೇನೇ ಕೂ ಆಯೇ ಕಿ ಛಾಪಾ ಮಾರ್ನೇ ಕೂ?” ಎಂದ. ದಾಳಿ ಮಾಡಲು ಬಂದವನಲ್ಲ ಎಂದು ಅವನಿಗೆ ನಂಬಿಕೆ ಬರಿಸಲು ಒಂದು ಚಹಾ ಕುಡಿಯಬೇಕಾಯಿತು.

ಎರಡನೆಯ ಅಂಗಡಿಯಲ್ಲಿ ಹಿಂದೂ ಮುಂದೂ ಸ್ಪ್ರಿಂಗು ಇದ್ದ ಸೈಕಲ್ಲು. ನೋಡಿದರೆ ಮೋಟಾರುಬೈಕಿನ ತಮ್ಮನಂತಿತ್ತು. ಇಲ್ಲಿ ನಿಮಗೆ ಸ್ವಲ್ಪ ಶಾಸ್ತ್ರ ಹೇಳಬೇಕು, ಬೇಸರಿಸಬೇಡಿ. ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗಿಲ್ಲ, ಅದರಲ್ಲಿ ಕೂತವನ ಬೆನ್ನೇ ಸ್ಪ್ರಿಂಗು. ಟಾಂಗಾಕ್ಕೆ ಪಟ್ಟಿಯ ಸ್ಪ್ರಿಂಗು ಬಂತು, ಕೂತವರಿಗೆ ಸುಖವಾಯಿತು, ಕುದುರೆಗೆ ಮಾತ್ರ ಅದರಿಂದ ಏನೂ ದಕ್ಕಲಿಲ್ಲ. ಸೈಕಲ್ಲಿನಲ್ಲಿ ಕೂತವನೂ ನಾನೇ, ಕುದುರೆಯೂ ನಾನೇ. ಅಗ್ಗದ ಸೈಕಲ್ಲಿನ ಹಿಂದಿನ ಸ್ಪ್ರಿಂಗು ಏನು ಮಾಡುತ್ತದೆಂದರೆ, ನಾವು ತುಳಿದ ಶಕ್ತಿಯಲ್ಲಿ ಅರೆಪಾಲನ್ನು ತಾನೇ ನುಂಗಿ ಮೇಲೆ ಕೆಳಗೆ ಕುಣಿಯುತ್ತದೆ. ಕಡಿಮೆ ಬೆಲೆಯಲ್ಲಿ ಎಲ್ಲವನ್ನೂ ಕೊಡುತ್ತೇನೆ ಎನ್ನುವ ಸಾಮಾನು ಯಾವುದನ್ನೂ ಸರಿಯಾಗಿ ಕೊಡುವುದಿಲ್ಲ. ಮೊದಲ ಸಲ ಕೊಳ್ಳುವವನ ಸೈಕಲ್ಲಿಗೆ ಮುಂದೊಂದು ಒಳ್ಳೆಯ ಸ್ಪ್ರಿಂಗಿನ ಫೋರ್ಕು, ಹಗುರವಾದ ಗಟ್ಟಿ ಫ್ರೇಮು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು, ಕಲ್ಲು ಕಚ್ಚುವ ಅಗಲ ಟಯರು ಇದ್ದರೆ ಸಾಕು. ಗೇರು ಎಷ್ಟಿವೆ ಎಂದು ಎಣಿಸುವುದು ಮಕ್ಕಳ ಕೆಲಸ.

ಇಂಥದೊಂದು ಕೊನೆಗೂ ಸಿಕ್ಕಿತು, ಕಾಚಿಗೂಡದ ಒಂದು ಹಳೆಯ ಅಂಗಡಿಯಲ್ಲಿ. ಅಯಸ್ಕಾಂತ ಅದರ ಮೇಲಿಂದ ಜಾರಿ ಬಿತ್ತು. ಗಾಲಿಯನ್ನು ತಿರುಗಿಸಿ ಅಂಚಿಗೆ ಸೀಮೆಸುಣ್ಣ ಹಿಡಿದರೆ ಸುತ್ತಲೂ ಸಮನಾದ ಗೆರೆ. ಬೆಸುಗೆಗಳು ಓರಣವಾಗಿದ್ದವು. ಬೆಲೆ ಸುಹಾಸನ ಫೋನಿಗಿಂತ ಕಡಿಮೆ. ಇಷ್ಟು ಹೊತ್ತು ಸ್ಟೂಲಿನ ಮೇಲೆ ಕೂತಿದ್ದ ಮಹಾನಂದಾ ಎದ್ದು ಬಂದು ಬ್ರೇಕಿನ ಹಿಡಿಯನ್ನು ಎರಡೇ ಬೆರಳಿಂದ ಒತ್ತಿ, “ಇದು ಕೈಗೆ ಚಲೋ ಸಿಗ್ತೈತಿ ನೋಡ್ರಿ,” ಎಂದಳು. ಅದನ್ನೂ ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಒಂದು ಸುತ್ತು ಹೊಡೆದು ನೋಡಿ ಎಂದು ಅಂಗಡಿಯ ಮುದುಕರು ಒತ್ತಾಯ ಮಾಡಿದರು. ನಾನು ನಕ್ಕುಬಿಟ್ಟೆ. ಪಾಸಾಗುವ ಮುಂಚೆಯೇ ಇನ್‌ಸ್ಪೆಕ್ಟರ್ ಮಾಲನ್ನು ಬಳಸುವುದುಂಟೇ? ಮನೆಗೆ ತಂದು, ಸೀಟಿನ ಕೆಳಗೆ ಒಂದು ಹಸಿರು ಚುಕ್ಕೆ ಇಟ್ಟೆ. ಮೂವತ್ತು ವರ್ಷದಲ್ಲಿ ಅಷ್ಟು ದುಂಡಗಿನ ಚುಕ್ಕೆಯನ್ನು ನಾನು ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಕಾಲೊನಿಯ ರಸ್ತೆಯಲ್ಲಿ ಹತ್ತಿದೆ. ಮೊದಲ ತುಳಿತಕ್ಕೆ ಬಲ ಮೊಣಕಾಲು ಹ್ಯಾಂಡಲಿಗೆ ಬಡಿಯಿತು. ಎರಡನೆಯದಕ್ಕೆ ಎಡ ಮೊಣಕಾಲು. ಹಾಲು ತರಲು ಹೊರಟಿದ್ದ ಸುಹಾಸ ನಿಂತು ನೋಡಿದ.

“ಅಂಕಲ್, ಇದು ಸ್ಮಾಲ್ ಸೈಜ್ ಅಲ್ವಾ?”

ಒಳಗೆ ಬಂದು ಪುಸ್ತಕ ತೆರೆದೆ. ಫ್ರೇಮಿನ ಉದ್ದ ಅದರಲ್ಲಿತ್ತು. ನಾನೇ ಅಳೆದು, ಬರೆದು, ಅಡಿಗೆರೆ ಎಳೆದಿದ್ದೆ. ಇಲ್ಲದಿದ್ದದ್ದು ನನ್ನ ಕಾಲಿನ ಅಳತೆ. ಆರಡಿ ಎತ್ತರದ ನಾನು ಆ ಸೈಕಲ್ಲಿನ ಒಂದೊಂದು ಸ್ಕ್ರೂವನ್ನೂ ಅಳೆದಿದ್ದೆ, ಅದರ ಮೇಲೆ ಕೂರುವವನನ್ನು ಬಿಟ್ಟು. ಸೀಟನ್ನು ಏರಿಸಲು ನೋಡಿದೆ. ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಕಂಬಿಯ ಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಗೆರೆ ದಾಟಿದವರನ್ನು ಜೀವಮಾನವೆಲ್ಲ ಬೈದವನು ನಾನು, ಅಲ್ಲಿಗೇ ನಿಲ್ಲಿಸಿದೆ. ನಿಜ ಹೇಳುತ್ತೇನೆ, ಆ ದಿನ ಕಾರ್ಖಾನೆಯಲ್ಲಿ ಯಾವ ಸಾಮಾನಿಗೂ ಕೆಂಪು ಬಣ್ಣ ಹಚ್ಚಲು ನನಗೆ ಧೈರ್ಯವಾಗಲಿಲ್ಲ.

ಅಂಗಡಿಯ ಮುದುಕರು ಒಳ್ಳೆಯವರು. ವಾರದೊಳಗೆ ತಂದರೆ ವಾಪಸು ತೆಗೆದುಕೊಳ್ಳುವೆ ಎಂದರು. ಆದರೆ ಅದೇ ಸೈಕಲ್ಲು ದೊಡ್ಡ ಅಳತೆಯಲ್ಲಿ ಇರಲಿಲ್ಲ, ಬರುವುದೂ ಇಲ್ಲ. ನನ್ನ ಕಾಲಿಗೆ ಹೊಂದುವಂಥದು ಅವರಲ್ಲಿ ಒಂದೇ ಇತ್ತು, ಹಿಂದೆ ಸ್ಪ್ರಿಂಗು ಕುಣಿಯುವ ಜಾತಿಯದು. ನಾನು ಸರಿ ಎಂದದ್ದನ್ನು ಬಿಟ್ಟು, ನಾನೇ ತಿರಸ್ಕರಿಸಿದ್ದರ ಮೇಲೆ ಕೂತು ಹುಡುಗರ ಮುಂದೆ ಹೋಗುವುದೇ? ಅದಕ್ಕಿಂತ ಆಸೆಯನ್ನೇ ಬಿಡುವುದು ಮೇಲು ಎನಿಸಿತು.

ನಮ್ಮ ಕಾರ್ಖಾನೆಯಲ್ಲಿ ಒಂದು ಜಾಲರಿಯ ಕೋಣೆ ಇದೆ. ಅಳತೆ ತಪ್ಪಿದರೂ ಲಕ್ಷಣವಾಗಿರುವ ಸಾಮಾನನ್ನು ನಾವು ತಕ್ಷಣ ಗುಜರಿಗೆ ಹಾಕುವುದಿಲ್ಲ. ಹಳದಿ ಚೀಟಿ ಕಟ್ಟಿ ಆ ಕೋಣೆಯಲ್ಲಿ ಇಡುತ್ತೇವೆ. ಈ ನಕ್ಷೆಗೆ ಹೊಂದದ್ದು ಇನ್ನೊಂದು ನಕ್ಷೆಗೆ ಹೊಂದಿದರೂ ಹೊಂದೀತು. ಅಭ್ಯಾಸಬಲದಿಂದ ಸೈಕಲ್ಲಿಗೂ ಒಂದು ಹಳದಿ ಚೀಟಿ ಕಟ್ಟಿ ವರಾಂಡಾದಲ್ಲಿ ನಿಲ್ಲಿಸಿದೆ. ಶನಿವಾರ ವಾಪಸು ಕೊಡುವುದೆಂದು ತೀರ್ಮಾನಿಸಿದೆ.

ಗುರುವಾರ ಡ್ಯೂಟಿ ಮುಗಿಸಿ ಬಂದಾಗ ಟಯರಿನ ಹಲ್ಲುಗಳಲ್ಲಿ ಹಸಿ ಮಣ್ಣು ಕಂಡಿತು. ಸೀಟು ನಾನು ಬಿಟ್ಟಿದ್ದ ಗೆರೆಯಿಂದ ಒಂದು ಗೇಣು ಕೆಳಗೆ ಇಳಿದಿತ್ತು. ಸುಹಾಸನನ್ನು ಕೇಳಿದರೆ, “ನಾನಲ್ಲ ಅಂಕಲ್, ನನಗೆ ನನ್ನದೇ ಉಂಟಲ್ಲ,” ಎಂದ. ಅವನ ಮುಖದಲ್ಲಿ ಏನೋ ನಗು ಇತ್ತು, ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಶನಿವಾರ ಸಾಮಾನಿನ ಆಟೋ ಬಾಗಿಲಿಗೆ ಬಂತು. ಸೈಕಲ್ಲಿಗೆ ಕೈ ಹಾಕಿದೆ. ಮಹಾನಂದಾ ಅಡುಗೆಮನೆಯಿಂದ ಬಂದು ಹಿಂದಿನ ಗಾಲಿ ಹಿಡಿದುಕೊಂಡಳು.

“ತಿರುಗಿ ಕೊಡಬ್ಯಾಡ್ರಿ.”

“ಯಾಕ? ನನಗ ಸಣ್ಣದಾಗೈತಿ ಅಂತ ಗೊತ್ತೈತಲ್ಲ ನಿನಗ.”

“ನಿಮಗ ಸಣ್ಣದು. ನನಗ ಬರೋಬ್ಬರಿ ಐತಿ. ನಾಕು ದಿನದಿಂದ ನಾನ ಹೊಡ್ಯಾಕತ್ತೀನಿ.”

ಆಟೋದವನನ್ನು ಬರಿಗೈಯಲ್ಲಿ ಕಳಿಸಿ ವರಾಂಡಾದಲ್ಲಿ ಕೂತೆವು. ನಮ್ಮ ಮದುವೆಯಾಗಿ ಇಪ್ಪತ್ತಾರು ವರ್ಷ. ಅವಳ ತವರು ಜಮಖಂಡಿ ಕಡೆಯ ಹಳ್ಳಿ ಎಂದು ಗೊತ್ತಿತ್ತು, ಹೈಸ್ಕೂಲು ಪಕ್ಕದ ಊರಲ್ಲಿ ಎಂದೂ ಗೊತ್ತಿತ್ತು. ಹೇಗೆ ಹೋಗುತ್ತಿದ್ದಳು ಎಂದು ಗೊತ್ತಿರಲಿಲ್ಲ. ಅಣ್ಣನ ದೊಡ್ಡ ಸೈಕಲ್ಲಿನ ಅಡ್ಡ ಕಂಬಿಯ ಕೆಳಗಿಂದ ಕಾಲು ತೂರಿಸಿ, ಒಳಪೆಡಲ್ ತುಳಿಯುತ್ತ ಹೋಗುತ್ತಿದ್ದಳಂತೆ. ಕಬ್ಬಿನ ಗಾಡಿಗಳು ಕರಿಮಣ್ಣಿನಲ್ಲಿ ಕೊರೆದ ಆಳದ ಗಾಲಿಗೆರೆಗಳು, ನಡುವೆ ಒಂದು ಹಳ್ಳ, ಹಳ್ಳದಲ್ಲಿ ಕಲ್ಲು. ಮೂರು ವರ್ಷದಲ್ಲಿ ಬಿದ್ದದ್ದು ಎರಡೇ ಸಲವಂತೆ, ಅದರಲ್ಲಿ ಒಂದು ಸಲ ಎಮ್ಮೆಯ ತಪ್ಪು.

“ಇಷ್ಟು ವರ್ಷ ಯಾಕ ಹೇಳಲಿಲ್ಲ?” ಎಂದೆ.

“ನೀವು ಕೇಳಲಿಲ್ಲ. ಮನ್ಯಾಗ ಸೈಕಲ್ಲೂ ಇರಲಿಲ್ಲ. ಸುಮ್ನ ಹೇಳಿ ಏನ ಮಾಡೋದಿತ್ತು?”

ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು ನಾನು ನೋಡಿದ್ದು ಬೆಂಡೆಕಾಯಿಯನ್ನು. ನಾಚಿಕೆಯಾಯಿತು, ಮುಚ್ಚಿಡುವುದೇನು. ಎದ್ದು ಹೋಗಿ ಹಳದಿ ಚೀಟಿ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಅಲುಗುತ್ತಿದ್ದ ಟೀಪಾಯಿಯ ಕಾಲಿನ ಕೆಳಗೆ ತುರುಕಿದಳು. ಅದಕ್ಕೂ ಒಂದು ನಕ್ಷೆ ಸಿಕ್ಕಿತು.

ಭಾನುವಾರ ಶಾಮೀರ್‌ಪೇಟೆಗೆ ಹೊರಟೆವು. ಸೈಕಲ್ಲುಗಳು ಸುಹಾಸನ ಗೆಳೆಯರ ಗಾಡಿಯ ಮೇಲೆ, ನಾನು ಒಳಗೆ ನೀರಿನ ಬಾಟಲಿಗಳ ಜೊತೆ. ಮಹಾನಂದಾ ಚೂಡಿದಾರದ ಕಾಲುಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿಕೊಂಡಿದ್ದಳು. ಹೆಲ್ಮೆಟ್ಟು ಕೂರಲೆಂದು ತುರುಬನ್ನು ಕತ್ತಿನ ಬುಡಕ್ಕೆ ಇಳಿಸಿದ್ದಳು. ಹುಡುಗರು ಬಹಳ ಮರ್ಯಾದೆಯಿಂದ, ಆಂಟಿ ನೀವು ಕೆಳಗಿನ ಸಪಾಟು ದಾರಿಯಲ್ಲೇ ಇರಿ ಎಂದರು. ಅವಳು ತಲೆಯಾಡಿಸಿದಳು. ನಮ್ಮ ಮನೆಯಲ್ಲಿ ಆ ತಲೆಯಾಡಿಸುವಿಕೆಗೆ ಒಪ್ಪಿಗೆ ಎಂಬ ಅರ್ಥವಿಲ್ಲ, ಆದರೆ ಅವರಿಗೆ ಹೇಗೆ ತಿಳಿಯಬೇಕು.

ನಾನು ಕೆಳಗೆ ಒಂದು ಬಂಡೆಯ ಮೇಲೆ ಕೂತೆ. ಈ ದಖ್ಖನ್ನಿನ ಬಂಡೆಗಳು ಹಿಮಾಲಯಕ್ಕಿಂತ ಎಷ್ಟೋ ಹಿರಿಯವು. ಬೆಟ್ಟವೆಲ್ಲ ಸವೆದು ಉಳಿದ ಮೂಳೆಗಳು. ಮೇಲೆ, ಆನೆಯ ಬೆನ್ನಿನಂಥ ಇಳಿಜಾರಿನ ತಲೆಯಲ್ಲಿ ಹುಡುಗರು ನಿಂತು ನೀನು ಮೊದಲು, ನೀನು ಮೊದಲು ಎನ್ನುತ್ತಿದ್ದರು. ಅವರ ಹಿಂದಿನಿಂದ ಒಂದು ಸೈಕಲ್ಲು ಬಂತು, ನಿಲ್ಲಲಿಲ್ಲ.

ಮೊದಲು ನಾನು ನೋಡಿದ್ದು ಸೈಕಲ್ಲನ್ನೇ, ಸುಳ್ಳು ಹೇಳುವುದಿಲ್ಲ. ಫೋರ್ಕು ಕುಗ್ಗಿತು, ಮತ್ತೆ ಎದ್ದಿತು. ಗಾಲಿ ಓಲಾಡಲಿಲ್ಲ. ಡಿಸ್ಕು ಕಿರುಗುಟ್ಟಲಿಲ್ಲ. ಟಯರು ಕಲ್ಲನ್ನು ಕಚ್ಚಿಕೊಂಡೇ ಇಳಿಯಿತು. ನಾನು ಸರಿ ಎಂದದ್ದೆಲ್ಲ ಸರಿಯಾಗಿತ್ತು. ಇಷ್ಟಾದ ಮೇಲೆ ಸೈಕಲ್ಲು ನನ್ನ ಕಣ್ಣಿನಿಂದ ಮರೆಯಾಗಿ ಹೋಯಿತು. ಪೆಡಲಿನ ಮೇಲೆ ನೆಟ್ಟಗೆ ನಿಂತು, ಮೊಣಕೈ ಮಡಿಸಿ, ಎರಡೇ ಬೆರಳನ್ನು ಬ್ರೇಕಿನ ಮೇಲಿಟ್ಟು ಇಳಿದು ಬರುತ್ತಿದ್ದ ಹೈಸ್ಕೂಲಿನ ಹುಡುಗಿಯೊಬ್ಬಳು ಮಾತ್ರ ಕಂಡಳು. ನನ್ನ ಕಣ್ಣು ತುಂಬಿ ಬಂತು. ಇಷ್ಟು ಹೆಮ್ಮೆ ನನಗೆ ನನ್ನ ಯಾವ ಕೆಲಸದಿಂದಲೂ ಆಗಿರಲಿಲ್ಲ.

ನನ್ನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದ ಬೆಂಗಳೂರಿನ ಹುಡುಗನೊಬ್ಬ, “ಸೂಪರ್ ಆಗಿದೆ ಸರ್ ಬೈಕು, ಯಾರು ಸೆಲೆಕ್ಟ್ ಮಾಡಿದ್ದು?” ಎಂದು ಕೇಳಿದ. ಈ ಪ್ರಶ್ನೆಗಾಗಿ ನಾನು ಮೂವತ್ತು ವರ್ಷ ಕಾದಿದ್ದೆ. ಉತ್ತರ ಕೊಡುವಷ್ಟರಲ್ಲಿ ಅವಳು ನಮ್ಮ ಮುಂದೆ ಬಂದು ಗಕ್ಕನೆ ನಿಂತಳು. ಒಂದು ಕಾಲಿನ ಕ್ಲಿಪ್ಪು ಎಲ್ಲೋ ಹಾರಿಹೋಗಿತ್ತು.

“ಹಿಂದಿನ ಬ್ರೇಕ ಸ್ವಲ್ಪ ಸಡ್ಲ ಐತಿ. ನೋಡ್ರಿ ಇಲ್ಲೆ,” ಎಂದಳು.

ನಾನು ಪಾಸು ಮಾಡಿದ ಸಾಮಾನಿನ ಬಗ್ಗೆ, ಅದನ್ನು ಬಳಸಿದವರು ನನ್ನ ಮುಖ ನೋಡಿ ಹೇಳಿದ ಮೊದಲ ಮಾತು ಅದು. ಬಂಡೆಯಿಂದ ಇಳಿದು, ಮಂಡಿಯೂರಿ ಕೂತು, ಬ್ರೇಕಿನ ತಂತಿಯ ತುದಿಯ ತಿರುಪನ್ನು ಅರ್ಧ ಸುತ್ತು ತಿರುಗಿಸಿದೆ. ಅವಳು ಹಿಡಿ ಒತ್ತಿ ನೋಡಿದಳು, ಬಿಟ್ಟಳು, ಮತ್ತೊಮ್ಮೆ ಒತ್ತಿದಳು. ಆಮೇಲೆ ಸೈಕಲ್ಲನ್ನು ತಿರುಗಿಸಿ ಮೇಲಕ್ಕೆ ತಳ್ಳಿಕೊಂಡು ಹೊರಟಳು. ಸರಿಯಾಯಿತೋ ಇಲ್ಲವೋ ಎಂದು ನಾನು ಕೆಳಗಿನಿಂದ ಕೂಗಿ ಕೇಳಿದೆ.

“ಇನ್ನೊಮ್ಮೆ ಇಳದ ಬಂದು ಹೇಳ್ತೀನಿ, ಅಲ್ಲೇ ಕೂಡ್ರಿ,” ಎಂದಳು.

ಕೂತೆ.