ಡಿಕ್ಕಿ ಮಾವ
ನಮ್ಮ ಓಣಿಯವರೆಲ್ಲ ಅವರನ್ನು ಡಿಕ್ಕಿ ಮಾವ ಅಂತಲೇ ಕರೆಯುವುದು. ಟ್ಯಾಕ್ಸಿ ಬುಕ್ ಮಾಡಿ ಬೇರೆಯವರು ‘ಎಲ್ಲಿದ್ದೀಯಪ್ಪಾ?’ ಅಂದರೆ, ಇವರು ‘ಡಿಕ್ಕಿ ಖಾಲಿ ಇದೆಯೇನಪ್ಪಾ?’ ಅನ್ನುತ್ತಾರೆ. ಕಾಲು ಸೋತ ಹೆಂಡತಿಯ, ಅಂದರೆ ನಮ್ಮೆಲ್ಲರ ಅತ್ತೆಯ, ಗಾಲಿಕುರ್ಚಿಯ ಹಾಗೆ ಕೂತು ಓಡಾಡುವ ಪುಟ್ಟ ಎಲೆಕ್ಟ್ರಿಕ್ ಸ್ಕೂಟರ್ ಅದರೊಳಗೆ ಹಿಡಿಸಬೇಕು. ಡ್ರೈವರ್ ‘ಬ್ಯಾಟರಿ ಗಾಡಿ ಹಾಕಲ್ಲ ಸಾರ್’ ಎಂದು ರಾಗ ಎಳೆಯುವಷ್ಟರಲ್ಲಿ ಸೀಟು ಕಳಚಿ, ಹ್ಯಾಂಡಲ್ ಮಡಚಿ, ಗಾಲಿಗೆ ಹಳೇ ಬೆಡ್‌ಶೀಟು ಸುತ್ತಿ, ಡಿಕ್ಕಿ ಮುಚ್ಚಿಬಿಟ್ಟಿರುತ್ತಾರೆ. ಬ್ಯಾಟರಿ ಮಾತ್ರ ಎಳೆಗೂಸಿನ ಹಾಗೆ ತೊಡೆಯ ಮೇಲೆ. ಹಂಪ್ ಬಂದಾಗ ‘ಮೆಲ್ಲಗೆ, ಮೆಲ್ಲಗೆ’ ಅನ್ನುವುದು ಅತ್ತೆಗಾಗಿಯೋ ಬ್ಯಾಟರಿಗಾಗಿಯೋ ದೇವರೇ ಬಲ್ಲ. ಕಳಚುವುದರಲ್ಲಿ ಇಷ್ಟು ಚುರುಕಾದ ಮನುಷ್ಯ ಇಳಿಯುವ ಜಾಗ ಬಂದಾಗ ಜೋಡಿಸುವುದರಲ್ಲಿ ಮಾತ್ರ ಆಮೆ. ‘ಈ ಹಾಳು ಸೀಟು ಕೂರೋದೇ ಇಲ್ಲ’ ಎಂದು ಗೊಣಗುತ್ತಾ ಕಾರಿನ ಹಿಂದೆ ಬಗ್ಗಿಯೇ ಇರುತ್ತಾರೆ. ಒಮ್ಮೆ ಜೊತೆಗೆ ಹೋಗಿದ್ದ ನಾನು ಕೈ ಹಾಕಲು ಬಗ್ಗಿ ನೋಡಿದರೆ, ಸೀಟು ಆಗಲೇ ಗಟ್ಟಿಯಾಗಿ ಕೂತಿತ್ತು. ಮಾವ ತುಟಿಯ ಮೇಲೆ ಬೆರಳಿಟ್ಟು ಅದನ್ನು ಮತ್ತೆ ಕಳಚಿದರು. ಆ ಕಡೆ ಅತ್ತೆ ಬಾಗಿಲು ಹಿಡಿದು ಒಂದು ಕಾಲು ಇಳಿಸಿ, ಸುಧಾರಿಸಿಕೊಂಡು, ಇನ್ನೊಂದು ಕಾಲು ಇಳಿಸುತ್ತಿದ್ದರು. ಎದ್ದು ನಿಂತವರೇ ಗೆದ್ದ ದನಿಯಲ್ಲಿ ಅಂದರು, ‘ನಾನು ಇಳಿದಾಯ್ತು, ನಿಮ್ಮದಿನ್ನೂ ಮುಗಿದಿಲ್ವೇನ್ರೀ? ಪಾಪ, ನಿಮ್ಮಿಂದ ಆ ಡ್ರೈವರ್ ಎಷ್ಟು ಹೊತ್ತು ಕಾಯಬೇಕು!’ ‘ಆಯ್ತು ಕಣೇ, ಆಯ್ತು’ ಅಂದರು ಮಾವ. ಸೀಟು ಟಕ್ಕನೆ ಕೂತಿತು.