ಕಾಟಾ ಮನೆಯ ಕೋರೆ ಫೈಲು

ಅನುಮಾನದ ಬುದ್ಧಿ ನನಗೆ ಹುಟ್ಟಿನಿಂದ ಬಂದದ್ದು. ನಿಪ್ಪಾಣಿಯಲ್ಲಿ ನಮ್ಮ ಮನೆ ಇದ್ದದ್ದು ತಂಬಾಕಿನ ದಲಾಲರ ಓಣಿಯಲ್ಲಿ. ಎಲೆ ಹರಿದು, ಮೂಸಿ, ಬೆಳಕಿಗೆ ಹಿಡಿದು ನೋಡದೆ ಅಲ್ಲಿ ಯಾರೂ ಯಾರ ಮಾಲನ್ನೂ ನಂಬುತ್ತಿರಲಿಲ್ಲ. "ಈಕಿ ದೇವರ ಪ್ರಸಾದಾನೂ ಮೂಸಿ ನೋಡಿ ತಿಂತಾಳ, ಯಾವ ಮನೀಗೆ ಕೊಡೂದಿದನ್ನ" ಎಂದು ನಮ್ಮವ್ವ ಬೈಯುತ್ತಿದ್ದಳು. ಬೈದರೇನಾಯಿತು, ಮುಂದೆ ಅದೇ ಬುದ್ಧಿ ನನಗೆ ಅನ್ನ ಹಾಕಿತು. ಬೆಳಗಾವಿಯಲ್ಲಿ ಕಂಪ್ಯೂಟರ್ ಕಲಿಯುವಾಗ ಉಳಿದವರೆಲ್ಲ ಪ್ರೋಗ್ರಾಮ್ ಬರೆಯಲು ಮುಗಿಬೀಳುತ್ತಿದ್ದರೆ, ಬಿದ್ದ ಪ್ರೋಗ್ರಾಮು ಯಾಕೆ ಬಿತ್ತು ಎಂದು ಕೆದಕುವುದೇ ನನಗೆ ಹೆಚ್ಚು ಸೇರುತ್ತಿತ್ತು. ಹಾಗೆ ಕೆದಕಿ ಹೇಳುವ ಪ್ರೋಗ್ರಾಮಿಗೆ ಡಿಬಗರ್ ಅನ್ನುತ್ತಾರೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಚಿಕ್ಕೋಡಿಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಕಬ್ಬಿನ ಹಂಗಾಮು ಜೋರಿದ್ದಾಗ ಒಂದು ಮುಂಜಾನೆ ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಜೀಪು ಬಂದು ಬಾಗಿಲಿಗೆ ನಿಂತಿತು. ಅಧ್ಯಕ್ಷರು ಕರೆಸಿದ್ದರು. ಜೀಪು ಕಳಿಸಿ, ಮೇಲೆ ಚಹಾ ಕುಡಿಸಿ ಮಾತಾಡುವವರನ್ನು ಕಂಡರೆ ನನಗೆ ಮೊದಲೇ ಅನುಮಾನ.

ವಿಷಯ ಇಷ್ಟು. ಕಾರ್ಖಾನೆಯ ಬಾಗಿಲಲ್ಲಿ ಕಬ್ಬಿನ ಟ್ರ್ಯಾಕ್ಟರ್ ತೂಗುವ ದೊಡ್ಡ ತಕ್ಕಡಿ ಇರುತ್ತದಲ್ಲ, ನಮ್ಮ ಕಡೆ ಅದಕ್ಕೆ ಕಾಟಾ ಅನ್ನುತ್ತಾರೆ. ತೂಕದಲ್ಲಿ ಮೋಸ ಮಾಡುವುದಕ್ಕೆ ಕಾಟಾ ಹೊಡೆಯುವುದು ಎಂದೇ ಹೆಸರು. ಕಾಟಾ ಹೊಡೆಯದ ಕಾರ್ಖಾನೆ ಉಂಟು ಎಂದರೆ ರೈತರು ನಗುತ್ತಾರೆ. ಆ ಅಪವಾದ ಕಳೆಯಲೆಂದೇ ಹಿಂದಿನ ವರ್ಷ ಕಾಟಾ ಮನೆಯಲ್ಲಿ ಕಂಪ್ಯೂಟರ್ ಇಟ್ಟಿದ್ದರು. ಅದನ್ನು ನಡೆಸಲು ಐನಾಪುರದ ಒಬ್ಬ ಹೆಣ್ಣುಮಗಳನ್ನು ಕೂಡಿಸಿದ್ದರು. ಗಂಡನನ್ನು ಕಳಕೊಂಡು ತವರಿಗೆ ಬಂದು, ಟೈಪಿಂಗ್ ಕಲಿತು ತನ್ನ ಕಾಲ ಮೇಲೆ ನಿಂತವಳು. ಈ ಹಂಗಾಮಿನಲ್ಲಿ ಆ ಕಂಪ್ಯೂಟರಿನ ಪ್ರೋಗ್ರಾಮು ತೂಗುತ್ತ ತೂಗುತ್ತಲೇ ನಡುವೆ ಬಿದ್ದುಬಿಡತೊಡಗಿತು. ಬಿದ್ದಾಗ ತೂಕವನ್ನು ಕೈಯಿಂದ ಬರೆಯಬೇಕು. ಕೈಯಿಂದ ಬರೆದ ತೂಕವನ್ನು ನಂಬುವ ರೈತ ಈ ಕೃಷ್ಣಾ ದಂಡೆಯಲ್ಲಿ ಇನ್ನೂ ಹುಟ್ಟಿಲ್ಲ. ಅದರಲ್ಲೂ ಅದು ಬೀಳುತ್ತಿದ್ದದ್ದು ಐನಾಪುರದ ಒಬ್ಬ ವಯಸ್ಸಾದ ದೊಡ್ಡ ಕಬ್ಬಿನ ರೈತನ ಗಾಡಿ ಬಂದಾಗ ಮಾತ್ರ. ಅವನ ಹೊಲಕ್ಕೂ ಈಕೆಯ ತವರಿನ ಹೊಲಕ್ಕೂ ಒಂದೇ ಬದು. ಬದುವಿದ್ದಲ್ಲಿ ಜಗಳ ಇದ್ದೇ ಇರುತ್ತದೆ.

"ಆಕಿ ಬೇಕಂತನ ಬೀಳಸಾಕತ್ತಾಳ ಅಂತ ಆ ಮುದುಕ ಗದ್ದಲ ಮಾಡಿದಾರಿ. ಆಕೀನ್ನ ಮನೀಗೆ ಕಳಿಸಿದ್ವಿ. ಮಷೀನ ಅವತ್ತಿಂದ ನೆಟ್ಟಗಾತು. ಇನ್ನೇನು ಪುರಾವೆ ಬೇಕ್ರಿ ಅಕ್ಕಾರ?" ಎಂದರು ಅಧ್ಯಕ್ಷರು.

"ಪುರಾವೆ ಸಿಕ್ಕಿದ್ರ ನನ್ನ ಯಾಕ ಕರಸೀರಿ?"

"ಪೊಲೀಸ್ ಫಿರ್ಯಾದಿ ಕೊಡೂದೈತ್ರಿ. ತಿಳದವರದೊಂದು ಸಹಿ ಇದ್ರ ಬರೋಬರ್ ಆಗತೈತಿ."

ಅಂದರೆ ನನ್ನ ತಲೆ ಬೇಕಿರಲಿಲ್ಲ, ಕೈ ಬೇಕಿತ್ತು. ಮೈ ಉರಿದುಹೋಯಿತು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯನ್ನು ಜೈಲಿಗೆ ಹಾಕುತ್ತೀರೇನು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಯಾಕೆಂದರೆ ಕಾಗೆಯ ಮೇಲೂ ನನಗೆ ನಂಬಿಕೆ ಇರಲಿಲ್ಲ. "ಮೊದಲ ಮಷೀನ ನೋಡ್ತೀನಿ, ಆಕೀನ್ನೂ ಕರಸ್ರಿ" ಎಂದೆ.

ಆಕೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಷ್ಟರಲ್ಲಿ ಆಫೀಸಿನ ಗುಮಾಸ್ತನೊಬ್ಬ ನನ್ನ ಕಿವಿಯ ಹತ್ತಿರ ಬಗ್ಗಿ, "ದಿನಾ ಮುಂಜಾನೆ ಬಂದು ಒಂದು ಫೈಲ್ ಅಳಸ್ತಿದ್ಲು ನೋಡ್ರಿ ಮೇಡಂ, ನಾ ಕಣ್ಣಾರೆ ಕಂಡೀನಿ" ಎಂದ. ಹಾಂ, ಎಂದುಕೊಂಡೆ. ಅಳಿಸುವವರು ಸುಮ್ಮನೆ ಅಳಿಸುವುದಿಲ್ಲ.

"ಏನ ಅಳಸ್ತಿದ್ದಿ?" ಎಂದು ನೇರ ಕೇಳಿದೆ.

"ಕೋರೆ ಫೈಲ್ರಿ."

"ಯಾಕ?"

"ಕೋರೆ ಇತ್ತಲ್ರಿ, ಅದಕ್ಕ."

"ಕೋರೆ ಅಂದ್ರ ಏನು?"

ಇದೇನು ಕೇಳುತ್ತಾಳಪ್ಪ ಈಕೆ ಎಂಬಂತೆ ನನ್ನನ್ನು ನೋಡಿದಳು. "ಕೋರೆ ಅಂದ್ರ ಕೋರೇರಿ. ಕೋರೆ ಕಾಗದ ಅಂತೀವಲ್ಲ. ಅದರಾಗ ಏನೂ ಬರದಿರಂಗಿಲ್ಲ. ಮಷೀನ ಬಿದ್ದಾಗೊಮ್ಮೆ ಅದೊಂದು ಖಾಲಿ ಫೈಲ್ ಹುಟ್ಟತಿತ್ತು. ಬ್ಯಾಡಾದ್ದೆಲ್ಲಾ ತಗೀತಾ ಇರ್ರಿ, ಇಲ್ಲಂದ್ರ ಡಿಸ್ಕ್ ತುಂಬತೈತಿ ಅಂತ ಇಂಜಿನಿಯರ್ ಸಾಹೇಬ್ರು ಹೇಳಿದ್ರು."

ಗಡಿಯ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಮರಾಠಿಯಲ್ಲಿ ಕೋರೆ ಎಂದರೆ ಬರೆಯದ್ದು, ಖಾಲಿಯದ್ದು. ಪರದೆಯ ಮೇಲೆ ಇದ್ದದ್ದು ಸಿ, ಓ, ಆರ್, ಇ ಎಂಬ ನಾಲ್ಕು ಇಂಗ್ಲಿಷ್ ಅಕ್ಷರ. ಇಂಗ್ಲಿಷಿನಲ್ಲಿ ಓದಿದರೆ ಅದು ಕೋರ್. ಐನಾಪುರದವಳು ಅದನ್ನು ಐನಾಪುರದಲ್ಲಿ ಓದುವಂತೆ ಓದಿದ್ದಳು. ಅಯ್ಯ ಶಿವನೇ! ಆ ಕಂಪ್ಯೂಟರಿನಲ್ಲಿ ಅದರಷ್ಟು ತುಂಬಿದ ಫೈಲು ಇನ್ನೊಂದು ಇರಲಿಲ್ಲ. ಪ್ರೋಗ್ರಾಮು ಬಿದ್ದು ಸಾಯುವಾಗ ಆ ಗಳಿಗೆಯಲ್ಲಿ ಅದರ ಮೆಮರಿಯಲ್ಲಿ ಏನೇನಿತ್ತೋ ಅಷ್ಟನ್ನೂ ಸುರಿದು ಹೋಗುವುದೇ ಆ ಫೈಲಿನೊಳಗೆ. ಅವಳು ತಪ್ಪು ಮಾಡಿಲ್ಲವಾದರೆ, ಅದಕ್ಕಿದ್ದ ಒಂದೇ ಸಾಕ್ಷಿಯನ್ನು ದಿನಾ ಮುಂಜಾನೆ ತಾನೇ ಒರೆಸಿಹಾಕಿದ್ದಳು.

ನಂಬಿದೆನೇ? ಇಲ್ಲ. ಇಷ್ಟು ಅಂದದ ಕತೆಯನ್ನು ಕಟ್ಟಿ ತಂದಿರಲೂಬಹುದು. ಆದರೆ ಅವಳನ್ನು ಮನೆಗೆ ಕಳಿಸಿದ ದಿನವೂ ಪ್ರೋಗ್ರಾಮು ಬಿದ್ದಿತ್ತು, ಆ ದಿನದ ಕೋರ್ ಫೈಲನ್ನು ಮರುದಿನ ಮುಂಜಾನೆ ಅಳಿಸಲು ಅವಳಿರಲಿಲ್ಲ. ಹುಡುಕಿದೆ. ಇತ್ತು.

ಡಿಬಗರಿಗೆ ಎರಡು ಫೈಲು ಕೊಡಬೇಕು. ಒಂದು ಕೋರ್, ಇನ್ನೊಂದು ಯಾವ ಪ್ರೋಗ್ರಾಮು ಬಿತ್ತೋ ಆ ಪ್ರೋಗ್ರಾಮಿನದೇ ಫೈಲು; ಅದಕ್ಕೆ ಎಕ್ಸಿಕ್ಯೂಟಬಲ್ ಅನ್ನುತ್ತಾರೆ. ಕೋರಿಗೆ ಗೊತ್ತಿರುವುದು ಬರೇ ಮನೆ ನಂಬರು, ಇಂಥ ನಂಬರಿನ ಜಾಗದಲ್ಲಿ ಸತ್ತೆ ಅನ್ನುತ್ತದೆ. ಆ ನಂಬರಿನ ಮನೆಯಲ್ಲಿ ಯಾವ ಕೆಲಸ ನಡೆಯುತ್ತದೆ ಎಂಬುದು ಎಕ್ಸಿಕ್ಯೂಟಬಲ್‌ನಲ್ಲಿ ಇರುತ್ತದೆ. ಎರಡನ್ನೂ ಹೊಂದಿಸಿ ಡಿಬಗರ್ ಹೆಸರು ಹೇಳುತ್ತದೆ. ಕೊಟ್ಟೆ. ಹೇಳಿತು. ಪ್ರೋಗ್ರಾಮು ಸತ್ತದ್ದು ತೂಕ ತಿದ್ದುವ ಭಾಗದಲ್ಲಿ.

ಅಧ್ಯಕ್ಷರು ನನ್ನ ಹೆಗಲ ಮೇಲಿಂದ ನೋಡುತ್ತಿದ್ದರು. "ನೋಡ್ರಿ! ನಾ ಹೇಳಲಿಲ್ಲ? ಮುದುಕನ ತೂಕ ತಿದ್ದಾಕ ಹೋಗ್ಯಾಳ, ಮಷೀನ ಸಿಕ್ಕೊಂಡು ಬಿದ್ದೈತಿ."

"ನಾ ತೂಕ ತಿದ್ದೂ ಪರದೇನ ಒಂದಿನಾನೂ ತಗದಿಲ್ರಿ" ಎಂದಳು ಅವಳು.

"ಹಂಗಾರ ಮಷೀನ ಸುಳ್ಳ ಹೇಳತೈತೇನವಾ?"

"ನೌಕರಿ ಹೋದ್ರ ಹೋಗ್ಲಿ ಬಿಡ್ರಿ. ಕಳ್ಳಿ ಅನಿಸ್ಕೊಂಡು ನಾ ಐನಾಪುರದಾಗ ಹೆಂಗ ತಿರಗ್ಯಾಡ್ಲಿ? ನಮ್ಮಣ್ಣನ ಹೆಂಡತಿ ಮನ್ನೆಯಿಂದ ಅಡಗೀಮನೀ ಡಬ್ಬಿಗೆ ಕೀಲಿ ಹಾಕಾಕತ್ತಾಳ್ರಿ" ಎಂದು ಅತ್ತೇಬಿಟ್ಟಳು.

ಆ ಡಬ್ಬಿಯ ಮಾತು ನನಗೆ ಚುಚ್ಚಿತು. ಆದರೆ ನನ್ನನ್ನು ತಡೆದದ್ದು ಅದಲ್ಲ, ನಿಪ್ಪಾಣಿಯ ಬುದ್ಧಿ. ಕೇಳಿದ ಬೆಲೆಗೆ ಕೇಳಿದಂಥ ಮಾಲು ತಾನಾಗಿ ಮನೆಗೆ ಬಂದರೆ ಗಂಟು ಬಿಚ್ಚಿ ನೋಡು ಎನ್ನುತ್ತಿದ್ದ ನಮ್ಮಪ್ಪ. ಅಧ್ಯಕ್ಷರಿಗೆ ಯಾವ ಉತ್ತರ ಬೇಕಿತ್ತೋ ತಿದ್ದಿ ತೀಡಿ ಅದೇ ಬಂದಿತ್ತು. ಡಿಬಗರು ಒಳ್ಳೆಯದೇ, ಆದರೆ ಅದಕ್ಕೆ ಅನುಮಾನ ಎಂಬುದೇ ಗೊತ್ತಿಲ್ಲ. ಕೊಟ್ಟ ಎರಡು ಫೈಲು ಒಂದೇ ಮನೆತನದವು ಎಂದು ಕಣ್ಣುಮುಚ್ಚಿ ನಂಬುತ್ತದೆ. ಎರಡರ ತಾರೀಖು ತೆಗೆದು ನೋಡಿದೆ. ಕೋರ್ ಹಳೆಯದು. ಎಕ್ಸಿಕ್ಯೂಟಬಲ್ ಅದಕ್ಕಿಂತ ಹೊಸದು! ಸತ್ತದ್ದು ಒಂದು ಪ್ರೋಗ್ರಾಮು, ನಾನು ಹೆಸರು ಕೇಳಿದ್ದು ಆಮೇಲೆ ಬಂದು ಕೂತ ಇನ್ನೊಂದರ ಹತ್ತಿರ. ಮನೆ ನಂಬರು ಅದೇ, ಬಾಡಿಗೆದಾರರು ಬೇರೆ.

"ಆಕಿ ಹೋದ ಮ್ಯಾಲೆ ಈ ಕ್ವಾಣ್ಯಾಗ ಯಾರ ಬಂದಿದ್ರು?" ಎಂದು ಗುಮಾಸ್ತನನ್ನು ಕೇಳಿದೆ.

"ಯಾರೂ ಇಲ್ರಿ."

"ಯಾರೂ ಅಂದ್ರ ಯಾರೂ?"

"ಯಾರೂ ಇಲ್ರಿ... ಪ್ರೋಗ್ರಾಮ್ ಮಾಡಿಕೊಟ್ಟಾರಲ್ಲ, ಆ ಸಾಂಗ್ಲಿ ಇಂಜಿನಿಯರ್ ಸಾಹೇಬ್ರು ಬಂದಿದ್ರು. ಸರ್ವಿಸಿಂಗ್ ಅಂತ ಒಂದು ಫ್ಲಾಪಿ ಹಾಕಿ ತಗದ್ರು, ಭಡಂಗ ಚುರುಮುರಿ ತಿಂದ್ರು, ಹೋದ್ರು."

ಆಹಾ! ಸರ್ವಿಸಿಂಗ್ ಅಂತೆ. ತನ್ನ ಪ್ರೋಗ್ರಾಮಿನ ತಪ್ಪು ಗೊತ್ತಾಗುತ್ತಲೇ ಬಾಯಿ ಬಿಡದೆ ಬಂದು, ಹೊಸ ಎಕ್ಸಿಕ್ಯೂಟಬಲ್ ಕೂಡಿಸಿ, ಬಾಯಿ ಒರೆಸಿಕೊಂಡು ಹೋಗಿದ್ದ. ಮಷೀನು ನೆಟ್ಟಗಾದದ್ದು ಅದಕ್ಕೆ. ಒಬ್ಬ ಹೆಣ್ಣುಮಗಳ ಹೆಸರು ಕೆಟ್ಟರೆ ಅವನ ಗಂಟೇನು ಹೋಗಬೇಕು? ನನ್ನ ಬಾಯಿಂದ ನಿಪ್ಪಾಣಿಯ ಓಣಿಯ ಒಂದು ಬೈಗುಳ ಬಂತು. ಅಧ್ಯಕ್ಷರು ಕೇಳಿಸದವರ ಹಾಗೆ ಕಿಟಕಿಯ ಕಡೆ ತಿರುಗಿದರು.

ಹಳೆಯ ಎಕ್ಸಿಕ್ಯೂಟಬಲ್ ಬೇಕಿತ್ತು. ಹಂಗಾಮಿನ ಆರಂಭದಲ್ಲಿ ಪ್ರೋಗ್ರಾಮಿನ ನಕಲು ಮಾಡಿಟ್ಟಿದ್ದ ಟೇಪೊಂದು ಕಪಾಟಿನಲ್ಲಿತ್ತು. ಅದರಿಂದ ಹಳೆಯದನ್ನು ಇಳಿಸಿಕೊಂಡು, ಬೇರೆ ಹೆಸರಿಟ್ಟು, ಕೋರಿನ ಜೊತೆಗೆ ಡಿಬಗರಿಗೆ ಕೊಟ್ಟೆ. ಈಗ ಅದರ ಮಾತೇ ಬದಲಾಯಿತು. ಸತ್ತದ್ದು ರೈತನ ಹೆಸರು ಚೀಟಿಗೆ ಬರೆಯುವ ಭಾಗದಲ್ಲಿ. ತೂಕದ ಸುದ್ದಿಯೇ ಇಲ್ಲ. ಕೋರಿನೊಳಗೆ ಆ ಜಾಗ ತೆರೆದು ನೋಡಿದರೆ ಮುದುಕನ ಹೆಸರು ಕಣ್ಣಿಗೆ ಕಾಣುವಂತೆ ಬಿದ್ದಿತ್ತು. ಮೊದಲು ಅವನ ಹೆಸರು, ಆಮೇಲೆ ದತ್ತಕ ಹೋದ ಮನೆಯ ಅಪ್ಪನ ಹೆಸರು, ಆಮೇಲೆ ಉರ್ಫ ಎಂದು ಹುಟ್ಟಿದ ಮನೆಯ ಹೆಸರು, ಅದರ ಬೆನ್ನಿಗೆ ಅಡ್ಡಹೆಸರು. ಹೆಸರಿಗೆ ಕೊಟ್ಟ ಜಾಗ ಸಾಲದೆ ಉಳಿದ ಅಕ್ಷರಗಳು ಹೊರಚೆಲ್ಲಿ, ಪಕ್ಕದಲ್ಲಿದ್ದುದನ್ನೆಲ್ಲ ತುಳಿದುಹಾಕಿದ್ದವು.

"ಹೋದ ವರ್ಷ ಇಷ್ಟುದ್ದ ಇರಲಿಲ್ರಿ. ಈ ವರ್ಷನ ಬಂದು, ದತ್ತಕ, ಉರ್ಫ ಎಲ್ಲಾ ಹಚ್ಚಬೇಕು, ಒಂದು ಅಕ್ಷರ ಬಿಟ್ರ ದಾಯಾದ್ರು ಹೊಲಾನ ನುಂಗತಾರ ಅಂತ ಗಂಟ ಬಿದ್ದು ಬರಸಿದ್ರು" ಎಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತ.

ಅಧ್ಯಕ್ಷರಿಗೆ ಇದೆಲ್ಲ ತಿಳಿಯಲಿಲ್ಲ. "ಒಮ್ಮೆ ಹಂಗಂತೀರಿ, ಒಮ್ಮೆ ಹಿಂಗಂತೀರಿ. ಈ ನಿಮ್ಮ ಡಿಬಗರ್‌ನೂ ಕಾಟಾ ಹೊಡೀತೈತೇನ್ರಿ?" ಎಂದರು. ಆ ಮನುಷ್ಯನ ಮೇಲೆ ನನಗೆ ಮೊದಲ ಸಲ ಗೌರವ ಬಂತು. ಅದು ಕೇಳಲೇಬೇಕಾದ ಪ್ರಶ್ನೆ. "ನನ್ನೂ ನಂಬಬ್ಯಾಡ್ರಿ. ನಾಳೆ ಮುಂಜಾನೆ ಎಲ್ಲಾರ ಮುಂದ ತೂಗೋಣು, ಹಳೇ ಪ್ರೋಗ್ರಾಮ್ ಹಚ್ಚಿ" ಎಂದೆ.

ಮರುದಿನ ಕಾಟಾದ ಸುತ್ತ ಜನವೋ ಜನ. ಹಾರೂಗೇರಿ ಕಡೆಯ ಗಾಡಿಯವರೂ ಇಳಿದು ಬಂದು ನಿಂತಿದ್ದರು. ಕಂಪ್ಯೂಟರಿನ ಮುಂದೆ ನಾನು ಕೂತೆ, ಆಕೆಯನ್ನು ರಸ್ತೆಯ ಆಚೆ ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ಮುಂದಿದ್ದ ಗಾಡಿಗಳೆಲ್ಲ ತೂಗಿದವು, ಚೀಟಿ ಬಂದವು. ಮುದುಕನ ಗಾಡಿ ಕಾಟಾ ಏರಿತು. ಅವನ ಖಾತೆಯ ಸಂಖ್ಯೆ ಒತ್ತಿದೆ. ಪ್ರೋಗ್ರಾಮು ಧಡಕ್ಕನೆ ಬಿತ್ತು.

"ಬಿತ್ತು! ಬಿತ್ತು!" ಎಂದು ಜನ ಕೂಗಿದರು.

ಇನ್ನೊಮ್ಮೆ ಹಚ್ಚಿದೆ, ಇನ್ನೊಮ್ಮೆ ಬಿತ್ತು. ಆಮೇಲೆ ಮುದುಕನ ಕಣ್ಣೆದುರೇ ಅವನ ಹೆಸರಿನಿಂದ ಉರ್ಫದಿಂದ ಮುಂದಿನದನ್ನೆಲ್ಲ ತೆಗೆದು ಮತ್ತೆ ತೂಗಿದೆ. ಚೀಟಿ ಸರಸರ ಹೊರಗೆ ಬಂತು. ಮುದುಕ ಅದನ್ನು ಕಿತ್ತುಕೊಂಡು ತಿರುವಿ ಮುರುವಿ ನೋಡಿದ.

"ಅಂದ್ರ ನನ್ನ ಹೆಸರನ ನನಗ ಕಾಟಾ ಹೊಡೀತೇನ್ರಿ?"

"ಹೌದ್ರಿ ಅಜ್ಜಾರ."

"ಅದಿರ್ಲಿ, ನನ್ನ ಉರ್ಫ ಎಲ್ಲಿ ಹೋತು? ಮೊದಲ ಅದನ್ನ ಹಚ್ರಿ!" ಎಂದು ಅವನು ಕೂಗಾಡಿದ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಧ್ಯಕ್ಷರು ಎಲ್ಲರಿಗೂ ಕೇಳುವಂತೆ, ಈ ಹೆಣ್ಣುಮಗಳದು ಏನೂ ತಪ್ಪಿಲ್ಲ, ಇವತ್ತಿನಿಂದಲೇ ಕೆಲಸಕ್ಕೆ ಬರಲಿ ಎಂದು ಹೇಳಿದರು. ಫಿರ್ಯಾದಿಯ ಮಾತು ಅಲ್ಲಿಗೇ ಮುಗಿಯಿತು. ನಾನು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟೆ. ಖುಷಿಯಾಗಿತ್ತು ನನಗೆ, ಯಾಕೆ ಸುಳ್ಳು ಹೇಳಲಿ. ಹೊಸ ಪ್ರೋಗ್ರಾಮು ಹಚ್ಚಿ, ಉರ್ಫವನ್ನೂ ತಿರುಗಿ ಸೇರಿಸಿದೆವು.

ಮುಂದಿನ ಗಾಡಿ ಕಾಟಾ ಏರಿತು. ಅವಳು ಕೀಲಿಮಣೆ ಮುಟ್ಟುವ ಮೊದಲು ಕಿಟಕಿಯಾಚೆ ನಿಂತ ರೈತನ ಕಡೆ ತಿರುಗಿ, ಎರಡೂ ಅಂಗೈ ಬಿಚ್ಚಿ ಮೇಲೆತ್ತಿ ತೋರಿಸಿದಳು. "ನೋಡ್ರಿ ಕಾಕಾ, ಕೈಯಾಗ ಏನೂ ಇಲ್ಲ" ಎಂದಳು. ಆಮೇಲೆ ಸಂಖ್ಯೆ ಒತ್ತಿದಳು. ಅದರ ಹಿಂದಿನ ಗಾಡಿಗೂ ಹಾಗೆಯೇ ಮಾಡಿದಳು. ಸಿಟ್ಟಿಗೆ ಮಾಡುತ್ತಿದ್ದಾಳೆ, ಎರಡು ದಿನಕ್ಕೆ ಬಿಡುತ್ತಾಳೆ ಎಂದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದೆ.

ಹಂಗಾಮು ಮುಗಿಯುವ ಹೊತ್ತಿಗೆ ಬೇರೆ ಕೆಲಸಕ್ಕೆಂದು ಆ ಕಾರ್ಖಾನೆಗೆ ಮತ್ತೊಮ್ಮೆ ಹೋಗಿದ್ದೆ. ಕಾಟಾ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದೆ. ಪ್ರತಿಯೊಂದು ಗಾಡಿಗೂ ಅವಳು ಅಂಗೈ ತೋರಿಸುತ್ತಲೇ ಇದ್ದಳು. ರೈತರಿಗೆ ಅದು ರೂಢಿಯಾಗಿತ್ತು. ಬಿಡವ್ವಾ ತಂಗಿ, ಸಾಕು ಎಂದು ಒಬ್ಬರೂ ಹೇಳಲಿಲ್ಲ. ಎಲ್ಲರೂ ಕಿಟಕಿಯಲ್ಲಿ ಬಗ್ಗಿ, ಅವಳ ಕೈಯನ್ನು ಸರಿಯಾಗಿ ನೋಡಿಯೇ ಮುಂದೆ ಹೋಗುತ್ತಿದ್ದರು.